ಕುರಿಮರಿಯ ಕಲ್ಲು

ಒದ್ದೆ ಅಮೃತಶಿಲೆಯ ವಾಸನೆ ಬಂದರೆ ಇಂದಿಗೂ ನನ್ನ ಬೆನ್ನು ಸೆಟೆದುಕೊಳ್ಳುತ್ತದೆ. ವಾಸನೆ ಸಾಕ್ಷ್ಯವಲ್ಲ, ಒಪ್ಪುತ್ತೇನೆ. ನನ್ನ ಬಳಿ ಇರುವುದು ಅದೊಂದೇ. ವೆಸ್ಟ್‌ಮಂಟಿನಲ್ಲಿ ನಮ್ಮ ಪಕ್ಕದ ಮನೆಯ ರೋಸಾ ಆಂಟಿ ಮಡಿದ ಯೋಧರನ್ನು ನೆನೆಯುವ ಮೆಮೋರಿಯಲ್ ಡೇಗೆ ಮುನ್ನ ಪ್ರತಿ ವರ್ಷ ತಮ್ಮ ಹಿರಿಯರ ಸಮಾಧಿಗಳನ್ನು ತೊಳೆದು ಬರುತ್ತಿದ್ದರು. ಅವರ ಮೊಣಕಾಲು ಕೈಕೊಟ್ಟ ವರ್ಷ ಅಪ್ಪ ಅವರನ್ನೂ ನಮ್ಮೆಲ್ಲರನ್ನೂ ಕಾರಿನಲ್ಲಿ ಕೂರಿಸಿಕೊಂಡು ದಕ್ಷಿಣಕ್ಕೆ ಮೂರು ಗಂಟೆ ಡ್ರೈವ್ ಮಾಡಿದರು. ಜೋಳದ ಹೊಲಗಳ ಅಂಚಿನಲ್ಲಿ ಹಳೆಯ ಪೋರ್ಚುಗೀಸ್ ಸ್ಮಶಾನ: ಪಾದ್ರಿಯೊಬ್ಬರ ಎತ್ತರದ ಸ್ತಂಭ, ಅಂತರ್ಯುದ್ಧದಲ್ಲಿ ಕಾದಾಡಿದವರ ಗಿಡ್ಡ ಕಲ್ಲುಗಳು, ಮಕ್ಕಳ ಸಮಾಧಿಗಳ ಮೇಲೆ ಮಲಗಿದ ಅಮೃತಶಿಲೆಯ ಕುರಿಮರಿಗಳು. ಇವರು ಬಿಟ್ಟುಬಂದ ಮಡೈರಾ ದ್ವೀಪದಲ್ಲಿ, ಚರ್ಚಿನ ಕಟ್ಟಳೆ ಮೀರಿ ಮನೆಯೊಳಗೆ ಬೈಬಲ್ ಓದಿದರೆಂದು ಊರಿನವರೇ ಇವರ ಬಾಗಿಲು ಒಡೆದು, ದೊಣ್ಣೆಯಿಂದ ಬಡಿದು, ಹೆಂಗಸರನ್ನು ಕೂದಲು ಹಿಡಿದು ಬೀದಿಗೆ ಎಳೆದಿದ್ದರೆಂದು ಆಂಟಿ ಹೇಳಿದರು.

"ಪ್ರೂಫ್ ಇದೆಯಾ ಆಂಟಿ?" ಎಂದೆ. ನನಗಾಗ ಹತ್ತು ವರ್ಷ.

"ನಮ್ಮಜ್ಜಿಯ ಅಜ್ಜಿ ತಲೆ ಮೇಲೆ ಗಾಯದ ಗುರುತಿತ್ತು. ಆ ಕುರಿಮರಿ ಅವಳ ಮಗುವಿನದು."

"ನೀವು ನೋಡಿದ್ರಾ?"

"ಇವಳನ್ನ ಲಾಯರ್ ಮಾಡಿ," ಎಂದು ಆಂಟಿ ಅಪ್ಪನತ್ತ ತಿರುಗಿ ತಮ್ಮ ಎಂದಿನ ಇಂಗ್ಲಿಷಿನಲ್ಲೇ ಹೇಳಿ ನಕ್ಕು, ಬಕೆಟ್ ಹಿಡಿದು ನಲ್ಲಿಯತ್ತ ನಡೆದರು. ಅಪ್ಪ ಅವರಿಗೆ ನೆರವಾಗಲು ಹೋದರು.

ಅಣ್ಣ ಸುಹಾಸ ಕುರಿಮರಿಯ ಬೆನ್ನು ತಟ್ಟಿ, "ಇದು ಯಾರು ಹೊಡೆದ್ರೂ ಒಡೆಯಲ್ಲ," ಎಂದ. ಒಡೆಯುತ್ತದೆ ಎಂದೆ. "ಹೋಗೇ, ಸುಮ್ನೆ ಬಾಯಿ ಬಡ್ಕೋಬೇಡ." ವಾದದಲ್ಲಿ ಸೋಲುವುದು ನನಗೆ ಆಗಲೂ ಗೊತ್ತಿರಲಿಲ್ಲ. ಕಳೆ ಕೀಳುವ ಸಲಿಕೆ ಎತ್ತಿ ಬೀಸಿದೆ. ಕುರಿಮರಿಯ ಕತ್ತು ಮುರಿದು ತಲೆ ಹುಲ್ಲಿಗೆ ಉರುಳಿತು. ಗಾಬರಿಯಿಂದ ಅಣ್ಣ ನನ್ನ ಕೈಯಿಂದ ಸಲಿಕೆ ಕಿತ್ತುಕೊಳ್ಳುವುದಕ್ಕೂ ಅಪ್ಪ ಓಡಿಬರುವುದಕ್ಕೂ ಸರಿಹೋಯಿತು.

"ಮಗುವಿನ ಸಮಾಧಿ ಕಣೋ ಇದು! ನಾಚಿಕೆ ಆಗಲ್ವಾ?" ಬೆಲ್ಟ್ ಬಿಚ್ಚಿದರು. ಮೊದಲ ಏಟಿಗೆ ಅಣ್ಣ ಮಂಡಿಯೂರಿದ. ಅಮ್ಮ ಕಾರಿನ ಬಳಿಯಿಂದ "ಸಾಕು ಬಿಡೀ!" ಎಂದು ಚೀರುತ್ತಿದ್ದರು. ಬಕಲ್ ಕಿವಿಗೆ ತಾಗಿ ರಕ್ತ ಅವನ ಶರ್ಟಿನ ಕಾಲರಿಗಿಳಿಯಿತು. ಅವನು ನನ್ನನ್ನೇ ನೋಡುತ್ತಿದ್ದ, ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕುಂಟುತ್ತ ಬಂದ ರೋಸಾ ಆಂಟಿ ನಡುವೆ ನುಗ್ಗಿದರು. ಮುಂದಿನ ಏಟು ಅವರ ಮಣಿಕಟ್ಟಿಗೆ ಬಿತ್ತು.

"ಇಲ್ಲಿ ಬೇಡ," ಎಂದರು. "ಇಲ್ಲಿ ಮಲಗಿರೋರೆಲ್ಲ ಹೊಡೆತ ತಪ್ಪಿಸ್ಕೊಂಡು ಬಂದೋರು."

ಅಂದಿನಿಂದ ಎರಡು ಮನೆಗಳ ನಡುವಿನ ಮಾತು ನಿಂತಿತು. ಆಂಟಿ ತೀರಿಕೊಂಡರು, ಅಪ್ಪನೂ ಹೋದರು, ಆ ಮನೆಯಲ್ಲಿ ಈಗ ಬೇರೆ ಯಾರದೋ ಮಕ್ಕಳು. ಹೇಳಬೇಕಾದವರಿಗೆ ನಾನು ಹೇಳಲೇ ಇಲ್ಲ. ಕಳೆದ ತಿಂಗಳು, ಅಣ್ಣ ಈಗಿರುವ ಸೌತ್‌ಫೀಲ್ಡಿಗೆ ಹೋದಾಗ ಅವನನ್ನು ಕೇಳಿದೆ, ನೀನಾದರೂ ಯಾಕೆ ಹೇಳಲಿಲ್ಲ?

"ಹೇಳಿದ್ರೆ ನಿಂಗೂ ಬೀಳ್ತಿತ್ತಷ್ಟೆ," ಎಂದ, ಅಂದು ಬಕಲ್ ತಾಗಿದ ಕಿವಿ ಕೇಳಿಸದ ಕಾರಣ ಇನ್ನೊಂದನ್ನು ನನ್ನತ್ತ ತಿರುಗಿಸಿಕೊಂಡು.