ನ್ಯೇರಿಯ ಶಾಲೆಗೆ ಹೊತ್ತೊಯ್ದ ಪತ್ರ

ಒಟ್ಟು ಖರ್ಚು ಮೂವತ್ತೊಂದು ಸಾವಿರದ ನಾನೂರು ರೂಪಾಯಿ. ಅದರಲ್ಲಿ ಬೊಂಬಾಯಿಯಿಂದ ನೈರೋಬಿಗೆ ಹೋಗಿಬರುವ ವಿಮಾನದ ಟಿಕೆಟ್ಟೇ ಇಪ್ಪತ್ತಮೂರು ಸಾವಿರ. ಏಜೆಂಟ್ ಇಪ್ಪತ್ತೈದೂವರೆ ಎಂದಿದ್ದ. ನಾನು ಎರಡು ಸಲ ಅವನ ಮೆಟ್ಟಿಲಿಳಿದು ಹೊರಟ ಮೇಲೆ ಇಳಿಸಿದ. ಉಳಿದದ್ದು ವೀಸಾ, ಹಳದಿ ಜ್ವರದ ಚುಚ್ಚುಮದ್ದು, ಬಸ್ಸು, ರೈಲು, ತಂಗಿಗೆ ಒಯ್ದ ಸಾಮಾನು. ಬಾಳ್ಳುಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುವ ನಾನು ಆಫ್ರಿಕಾ ನೋಡಿಬರಲು ಇಷ್ಟು ದುಡ್ಡು ಹಾಕುವವಳಲ್ಲ. ಎರಡು ವರ್ಷದ ಹಿಂದೆ ಒಂದು ಅರ್ಜಿಯಲ್ಲಿ ಒಂದು ಪದ ಸುಳ್ಳು ಬರೆದಿದ್ದೆ. ಅದಕ್ಕಾಗಿ ಹೋದೆ.

ತಂಗಿ ಸುಮಿತ್ರ ಸಕಲೇಶಪುರದ ಕಾನ್ವೆಂಟಿನಲ್ಲಿ ಓದಿ, ಹಾಸನದಲ್ಲಿ ಟಿ.ಸಿ.ಎಚ್. ಶಿಕ್ಷಕರ ತರಬೇತಿ ಮುಗಿಸಿದವಳು. ಅಪ್ಪ ಅಮ್ಮ ಬೇಗ ತೀರಿಕೊಂಡದ್ದರಿಂದ ಅವಳನ್ನು ಓದಿಸಿದ್ದು ನಾನು. ಆಗ ಅಂಗಡಿ ಇರಲಿಲ್ಲ. ಕುಂದೂರು ಕಡೆಯ ಹಳ್ಳಿಗಳಿಗೂ, ಕೂಲಿ ಬಟವಾಡೆಯ ದಿನ ದೋಣಿಗಲ್ಲಿನ ಎಸ್ಟೇಟ್ ಆಳುಗಳ ಲೈನುಗಳಿಗೂ ಸೀರೆ ಗಂಟು ಹೊತ್ತುಕೊಂಡು ಹೋಗಿ ಮಾರುತ್ತಿದ್ದೆ. ಕೀನ್ಯಾದ ನ್ಯೇರಿ ಎಂಬ ಊರಿನ ಹತ್ತಿರ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಪ್ರಾಥಮಿಕ ಶಾಲೆಗೆ ಟೀಚರ್ ಬೇಕಾಗಿದ್ದಾರೆಂದು ತಿಳಿದಾಗ ಅರ್ಜಿ ತುಂಬಿದ್ದೂ ನಾನೇ. ‘ಕಥೋಲಿಕರೇ?’ ಎಂಬ ಒಂದು ಕಾಲಂ ಇತ್ತು. ಜಪ, ಹಾಡು ಎಲ್ಲ ಬಾಯಿಪಾಠ ಇರುವ ಹುಡುಗಿಗೆ ಅದೊಂದು ಏನು ಮಹಾ ಎಂದುಕೊಂಡು ‘ಹೌದು’ ಎಂದು ಬರೆದೆ. ಕೆಲಸ ಸಿಕ್ಕಿತು. ಎರಡು ವರ್ಷ ಕಳೆದು ಕರಾರು ಹೊಸದು ಮಾಡುವ ಹೊತ್ತಿಗೆ, ಕಥೋಲಿಕ ಟೀಚರುಗಳೆಲ್ಲ ತಮ್ಮ ಊರಿನ ಚರ್ಚಿನ ಪತ್ರ ತರಿಸಬೇಕೆಂದು ಹೊಸ ನಿಯಮ ಬಂತು. ಸುಮಿ ಬರೆದಳು: “ಅಕ್ಕ, ಜುಲೈ ಕೊನೆಯೊಳಗೆ ಕೊಡಬೇಕಂತೆ. ನನಗೆ ನಿದ್ದೆ ಬರುತ್ತಿಲ್ಲ.”

ಸಕಲೇಶಪುರಕ್ಕೆ ಹೋಗಿ, ಅವಳು ಓದಿದ ಕಾನ್ವೆಂಟಿನ ಚರ್ಚಿನ ಫಾದರ್ ಮುಂದೆ ಕೂತೆ. “ಒಂದು ಸಾಲು ಬರ್ಕೊಟ್ರೆ ಒಂದು ಹುಡುಗಿ ಬದುಕು ಉಳಿತೈತೆ ಫಾದರ್” ಎಂದೆ.

“ಜಯಮ್ಮ, ಅಂಗಡೀಲಿ ಮೀಟರ್ ಕೋಲು ಕುಯ್ದು ಗಿಡ್ಡ ಮಾಡಿ ಇಟ್ಕೊಂಡಿದೀರಾ?”

“ಛೆ, ಅಂಥ ವ್ಯಾಪಾರ ಮಾಡಿಲ್ಲ.”

“ನನ್ನ ಹತ್ರನೂ ಒಂದು ರಿಜಿಸ್ಟರ್ ಇದೆ. ಅದರಲ್ಲಿ ಇಲ್ಲದ ಹೆಸರು ಬರೆಯೋಕಾಗಲ್ಲ. ಆ ಹುಡುಗಿ ಬಗ್ಗೆ ನನಗೆ ಗೊತ್ತಿರೋದು ಬರೀತೀನಿ.”

ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿ, ಲಕೋಟೆಗೆ ಹಾಕಿದರು. ಹತ್ತು ವರ್ಷ ನಮ್ಮಲ್ಲಿ ಓದಿದವಳು, ನಮ್ಮ ಧರ್ಮಸಭೆಗೆ ಸೇರಿದವಳಲ್ಲ, ಆದರೆ ನಮ್ಮ ಶಾಲೆಯ ಮಕ್ಕಳನ್ನು ಎರಡನೇ ಮಾತಿಲ್ಲದೆ ಅವಳ ಕೈಗೆ ಒಪ್ಪಿಸುತ್ತೇನೆ, ಇಷ್ಟೇ ಅದರ ಸಾರ. ನನಗೆ ಬೇಕಿದ್ದ ಪತ್ರ ಅದಲ್ಲ. ಅದನ್ನು ಅಂಚೆಗೆ ಹಾಕಿದರೆ ಸುಮಿ ಅಲ್ಲಿ ಒಬ್ಬಳೇ ಒಡೆದು ಓದಬೇಕು. ಎದುರಿಗೆ ನಿಂತು ಮಾತಾಡಿದರೆ ಏನಾದರೂ ದಾರಿ ಆದೀತು ಎಂದು ಹೊರಟುಬಿಟ್ಟೆ.

ಘಟ್ಟದ ರೈಲು ನಿಂತು ವರ್ಷಗಳಾಗಿದ್ದವು. ಬೆಳಗಿನ ಮಂಜಿನಲ್ಲಿ ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದಾಗ ಎದುರು ಹೋಟೆಲಿನ ನಂಜೇಗೌಡ ಕೂಗಿದ: “ಏನ್ ಜಯಕ್ಕ, ಆಫ್ರಿಕಾದಲ್ಲೂ ಸೀರೆ ಮಾರ್ಬುಟ್ಟು ಬರ್ತೀಯಾ?”

“ಉಟ್ಕೊಳ್ಳೋರು ಸಿಕ್ಕಿದ್ರೆ ಬುಡ್ತೀನಾ ಮಾರಾಯ” ಎಂದೆ. ಅವನು ನಕ್ಕ. ನಾನು ಬೆಂಗಳೂರಿನವರೆಗೂ ಏನೂ ತಿನ್ನಲಿಲ್ಲ.

ಬೆಂಗಳೂರಿನಿಂದ ಬೊಂಬಾಯಿಗೆ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ಅಲ್ಲಿಂದ ವಿಮಾನದಲ್ಲಿ ಸುಮಾರು ಆರು ಗಂಟೆ. ನೈರೋಬಿಯಲ್ಲಿ ಖಾಕಿಯವರನ್ನು ಕಂಡಾಗಲೆಲ್ಲ ಸುಳ್ಳು ಅರ್ಜಿಯ ಸುದ್ದಿ ಇವರಿಗೂ ತಿಳಿದಿದೆಯೇನೋ ಎಂದು ಲಕೋಟೆ ಇದ್ದ ಚೀಲ ಬಿಗಿಹಿಡಿಯುತ್ತಿದ್ದೆ. ಅಧಿಕಾರಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ, ಹಳದಿ ಜ್ವರದ ಚುಚ್ಚುಮದ್ದಿನ ಚೀಟಿ ನೋಡಿ, “ಕರಿಬು” ಎಂದ. ಬನ್ನಿ ಎಂದು ಅರ್ಥವಂತೆ.

ನ್ಯೇರಿಗೆ ನೂರೈವತ್ತು ಕಿಲೋಮೀಟರ್. ಅಲ್ಲಿ ಮಟಾಟು ಎಂಬ ಸಣ್ಣ ವ್ಯಾನುಗಳು ಓಡುತ್ತವೆ, ನಮ್ಮ ಮ್ಯಾಕ್ಸಿಕ್ಯಾಬಿನ ಹಾಗೆ. ಕಂಡಕ್ಟರ್ ನನ್ನ ಸೀರೆ ನೋಡಿ ಮುನ್ನೂರು ಶಿಲ್ಲಿಂಗ್ ಎಂದ. ನಾನು ಮಾತಾಡದೆ ಪಕ್ಕದ ಹೆಂಗಸು ಎಷ್ಟು ಕೊಡುತ್ತಾಳೆಂದು ನೋಡಿಕೊಂಡು ಅವನ ಕೈಗೆ ನೂರೈವತ್ತು ಇಟ್ಟೆ. ಅವನೂ ನಕ್ಕ, ನಾನೂ ನಕ್ಕೆ. ಮೂರು ಗಂಟೆಯ ದಾರಿಯ ಉದ್ದಕ್ಕೂ ಬೆಟ್ಟದ ಮೇಲೆ ಕಾಫಿ. ಆದರೆ ನೆರಳಿಗೆ ಮರವೇ ಇಲ್ಲ! ಗಿಡಗಳು ಬಯಲಿನಲ್ಲಿ ತಲೆಯ ಮೇಲೆ ಏನೂ ಇಲ್ಲದೆ ನಿಂತಿದ್ದವು. ನಮ್ಮ ಕಡೆಯ ಎಸ್ಟೇಟ್ ರೈಟರ್ ಯಾರಾದರೂ ನೋಡಿದ್ದರೆ ಮಾಲೀಕರಿಗೆ ಬೈದುಬಿಡುತ್ತಿದ್ದ.

ಸುಮಿ ಸ್ಟಾಪಿನಲ್ಲೇ ಕಾದಿದ್ದಳು. ಕೆನ್ನೆ ಇಳಿದಿತ್ತು. ನನ್ನನ್ನು ತಬ್ಬಿಕೊಂಡು ಕೇಳಿದ ಮೊದಲ ಮಾತು, “ಅಕ್ಕ, ಕಾಗದ ತಂದ್ಯಾ?”

“ತಂದಿದೀನಿ ಕಣೇ.”

ಅವಳ ಮುಖ ಅರಳಿದ ರೀತಿ ನೋಡಿ ಉಳಿದದ್ದನ್ನು ನಾಳೆ ಹೇಳಿದರಾಯಿತು ಎಂದುಕೊಂಡೆ. ಅಂದು ಗುರುವಾರ.

ಶುಕ್ರವಾರ ಪೂರ್ತಿ ಅವಳ ಹಿಂದೆ ಸುತ್ತಿದೆ. ಐದೂವರೆಗೆ ಗಂಟೆ. ಹಾಸ್ಟೆಲಿನ ಮಕ್ಕಳು ಚಳಿಯಲ್ಲಿ ತಣ್ಣೀರಿನಿಂದ ಮುಖ ತೊಳೆಯುವಾಗ ಇವಳು ಪಕ್ಕದಲ್ಲಿ ನಿಂತು ಉಗುರು, ಕಿವಿ, ಕಾಲುಚೀಲ ನೋಡಬೇಕು. ಏಳಕ್ಕೆ ಊಜಿ ಎಂಬ ಗಂಜಿ. ಕುಡಿದು ನೋಡಿದರೆ ನಮ್ಮ ರಾಗಿಯೇ, ಸಕ್ಕರೆ ಹಾಕಿ ಕಾಸಿದ್ದು. ಎಂಟಕ್ಕೆ ಮೈದಾನದಲ್ಲಿ ಪ್ರಾರ್ಥನೆ. ಆಮೇಲೆ ಎರಡನೇ ತರಗತಿ, ನಲವತ್ತಾರು ಮಕ್ಕಳು, ಒಬ್ಬಳೇ ಟೀಚರ್. ಸೋಡಾ ಬಾಟಲಿಯ ಮುಚ್ಚಳಗಳಲ್ಲಿ ಕೂಡುವುದು ಕಳೆಯುವುದು ಕಲಿಸುತ್ತಿದ್ದಳು. ಮಧ್ಯಾಹ್ನ ಜೋಳದ ಹಿಟ್ಟಿನ ಬಿಳಿ ಮುದ್ದೆ, ಸೊಪ್ಪು. ಅದನ್ನು ಕೈಯಲ್ಲೇ ಮುರಿದು ತಿನ್ನುತ್ತಾರೆ. ಅಡುಗೆಯ ಹೆಂಗಸು ನಾನು ಮುರಿಯುವುದನ್ನೇ ನೋಡುತ್ತಿದ್ದು, ಕೇಳದೆಯೇ ಇನ್ನೊಂದು ತುಂಡು ಹಾಕಿದಳು. ಸಂಜೆ ಪುಸ್ತಕ ತಿದ್ದುವುದು, ರಾತ್ರಿ ಒಂಬತ್ತಕ್ಕೆ ಮಕ್ಕಳ ಹೊದಿಕೆ ಎಣಿಸಿ ಮಲಗುವುದು.

ದಿನದ ಮೊದಲನೇ ಪೀರಿಯಡ್ ಬೈಬಲ್ ಕಥೆಯದು. ಕಿಟಕಿಯ ಹೊರಗೆ ನಿಂತು ನೋಡಿದೆ. ಕುರಿ ಕಳೆದುಕೊಂಡ ಕುರುಬನ ಕಥೆ. ಸುಮಿ ಮೇಜಿನ ಕೆಳಗೆ, ಬಾಗಿಲ ಹಿಂದೆ ಕುರಿ ಹುಡುಕುತ್ತಿದ್ದಳು. ನಲವತ್ತಾರು ಮಕ್ಕಳೂ ಬ್ಯಾ ಬ್ಯಾ ಎಂದು ಕೂಗುತ್ತಿದ್ದವು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ಮನೆಯಲ್ಲಿ ಯಾವತ್ತೂ ಕಂಡಿರಲಿಲ್ಲ. ಇದನ್ನೇ ಈಗ ಕಳೆಯಲು ಬಂದೆನಲ್ಲ ಎನಿಸಿ ಅಲ್ಲಿ ನಿಲ್ಲಲಾಗಲಿಲ್ಲ.

ಶನಿವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪತ್ರ ಕೊಟ್ಟೆ. ಓದಿ, ಕೈಯಲ್ಲಿ ಸೋಪು ಹಿಡಿದುಕೊಂಡೇ ಕೂತುಬಿಟ್ಟಳು.

“ನಾನು ಅವರೋಳಲ್ಲ ಅಂತ ಬರೆದೈತಲ್ಲ ಅಕ್ಕ!”

“ಫಾದರ್ ಬೇರೆ ತರ ಬರೆಯಕ್ಕೆ ಒಪ್ಪಲಿಲ್ಲ ಕಣೇ.” ದಾರಿಯುದ್ದಕ್ಕೂ ಯೋಚಿಸಿಟ್ಟುಕೊಂಡಿದ್ದ ಉಪಾಯ ಹೇಳಿದೆ: “ಈ ಕಾಗದ ಹರಿದು ಹಾಕು. ಇಲ್ಲೇ ಯಾವುದಾದ್ರೂ ಚರ್ಚಲ್ಲಿ ತಲೆಗೆ ನೀರು ಹಾಕಿಸ್ಕೊಂಡು ಅವರೋಳಾಗ್ಬುಡು. ನಿಂಗೇನು ಹೊಸದಾ?”

“ಸೀರೆಗೆ ಫಾಲ್ ಹೊಲಿಸ್ದಂಗಾ ಅದು? ನಂಬಿ ಸೇರೋರಿದಾರೆ ಇಲ್ಲಿ. ಕೆಲಸಕ್ಕೋಸ್ಕರ ನಾನು ಸೇರಿದ್ರೆ ಅದು ಎರಡನೇ ಸುಳ್ಳು.”

“ಮೊದಲನೇದನ್ನ ಎರಡು ವರ್ಷ ನಡೆಸಿದ್ಯಲ್ಲ?”

“ನಡೆಸ್ದೆ. ನಿದ್ದೆಗೆಟ್ಟು ನಡೆಸ್ದೆ” ಎಂದು ಬಟ್ಟೆ ಕುಕ್ಕತೊಡಗಿದಳು. ಕಲ್ಲಿನ ಮೇಲೆ ಬಡಿದ ಆ ಏಟು ನನಗೆ ಬೀಳಬೇಕಾದದ್ದು.

ಭಾನುವಾರ ಬಲಿಪೂಜೆ ಎಂಬ ಅವರ ಚರ್ಚಿನ ಪೂಜೆಗೆ ನಾನೂ ಹೋದೆ. ಹಾಡುವಾಗ ಸುಮಿಯ ದನಿ ಎಲ್ಲರಿಗಿಂತ ಮುಂದಿತ್ತು. ಆದರೆ ಕಥೋಲಿಕರಿಗೆ ಮಾತ್ರ ಕೊಡುವ ರೊಟ್ಟಿಯ ಪರಮಪ್ರಸಾದಕ್ಕೆ ಟೀಚರುಗಳೆಲ್ಲ ಎದ್ದು ಸಾಲುಗಟ್ಟಿದಾಗ ಇವಳು ಬೆಂಚಿನಲ್ಲೇ ತಲೆ ತಗ್ಗಿಸಿ ಕೂತಳು. ಶಾಲೆಯ ಹೆಡ್ ಸಿಸ್ಟರ್ ತಿರುಗಿ ನೋಡಿದ್ದನ್ನು ನಾನು ಕಂಡೆ. ಗಿರಾಕಿಯ ಕಣ್ಣು ಓದಿ ಬದುಕಿದವಳು ನಾನು. ಆ ನೋಟ ಇವತ್ತಿನದಲ್ಲ ಎಂದು ಗೊತ್ತಾಯಿತು.

ಹೊರಗೆ ಬಂದಮೇಲೆ ಕೇಳಿದೆ: “ಹೋಗಿ ತಗೊಂಡಿದ್ರೆ ಯಾರಿಗೆ ಗೊತ್ತಾಗೋದು?”

“ಕಾನ್ವೆಂಟಲ್ಲಿ ನಾವು ಹಿಂದೂ ಹುಡುಗೀರು ಬೆಂಚಲ್ಲೇ ಕೂತಿರ್ತಿದ್ವಿ, ಯಾರೂ ಏನೂ ಅಂತಿರ್ಲಿಲ್ಲ. ನೀನು ಬರೆದಿದ್ದು ಕಾಗದದ ಮೇಲೆ ಅಕ್ಕ. ಆ ಪ್ರಸಾದ ಅವರ ದೇವರೇ.”



ಸೋಮವಾರ ಹೆಡ್ ಸಿಸ್ಟರ್ ನನ್ನನ್ನು ಆಫೀಸಿಗೆ ಕರೆಸಿದರು. ಐವತ್ತು ದಾಟಿದ ಕೀನ್ಯಾದ ಹೆಂಗಸು, ಹೆಸರು ಆಗ್ನೆಸ್. ಹಾಲು ಸಕ್ಕರೆ ಧಾರಾಳವಾಗಿ ಹಾಕಿದ ಚಹಾ ಕೊಟ್ಟರು. ನನಗೆ ಇಂಗ್ಲಿಷು ಫಾರಂ ತುಂಬುವಷ್ಟು ಬರುತ್ತದೆ, ಮಾತಾಡುವಷ್ಟು ಬರುವುದಿಲ್ಲ. ಹಾಗಾಗಿ ಸುಮಿಯೇ ನಡುವೆ ನಿಂತು ಕನ್ನಡಕ್ಕೆ ತಿರುಗಿಸಿ ಹೇಳಬೇಕಾಯಿತು. ಸಿಸ್ಟರ್ ಕೇಳಿದ ಪ್ರಶ್ನೆಯನ್ನು ಅವಳು ನೆಲ ನೋಡುತ್ತ ಹೇಳಿದಳು: “ಎರಡು ವರ್ಷದಿಂದ ನಿಮ್ಮ ತಂಗಿ ಪ್ರಸಾದಕ್ಕೆ ಎದ್ದಿಲ್ಲ. ದೊಡ್ಡ ಪಾಪ ಮನಸ್ಸಿನಲ್ಲಿ ಇಟ್ಟುಕೊಂಡವರು ಹಾಗೆ ಕೂರುತ್ತಾರೆ. ಅಷ್ಟು ದೊಡ್ಡ ತಪ್ಪು ಏನು ಮಾಡಿದ್ದಾಳೆ, ನಾನು ಕೇಳಿದರೆ ಹೇಳುವುದಿಲ್ಲ. ಮನೆಯ ಹಿರಿಯರು ನೀವು, ನೀವಾದರೂ ಹೇಳಿ.”

ಎರಡು ಕಿಲೋ ಕಾಫಿಪುಡಿ, ಅರ್ಧ ಕಿಲೋ ಏಲಕ್ಕಿ ಮೇಜಿನ ಮೇಲಿಟ್ಟಿದ್ದೆ. ಎಲ್ಲಿಂದ ಮಾತು ಶುರು ಮಾಡಿ ಎಲ್ಲಿಗೆ ಇಳಿಸಬೇಕೆಂದೂ ಲೆಕ್ಕ ಹಾಕಿಕೊಂಡು ಬಂದಿದ್ದೆ. ಪ್ರಶ್ನೆ ಕೇಳಿದ ಮೇಲೆ ಆ ಲೆಕ್ಕ ಉಪಯೋಗಕ್ಕೆ ಬರಲಿಲ್ಲ. ಸುಮಿಯಿಂದ ವಾಪಸ್ ತೆಗೆದುಕೊಂಡು ಚೀಲದಲ್ಲಿಟ್ಟಿದ್ದ ಪತ್ರವನ್ನು ಮುಂದಿಟ್ಟೆ.

“ಸುಮಿ, ಒಂದಕ್ಷರ ಬಿಡ್ದಂಗೆ ಹೇಳು. ಸುಳ್ಳು ಬರೆದವಳು ನಾನು ಅಂತ.”

ಅವಳು ನನ್ನ ತೋಳು ಹಿಡಿದು ತಡೆದಳು. ನಾನೇ ಎದೆ ಮುಟ್ಟಿಕೊಂಡು, ಗಾಳಿಯಲ್ಲಿ ಬರೆದು ತೋರಿಸಿ, ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ: “ಫಾರಂ. ಐ ರೈಟ್. ನಾಟ್ ಶೀ.”

ಸಿಸ್ಟರ್ ಪತ್ರವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಸುಮಿಗೆ ತಿಳಿದಿತ್ತೇ ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಲು ಹೊರಟಿದ್ದೆ. ಅಷ್ಟರಲ್ಲಿ ಸುಮಿ, ಸಹಿ ಹಾಕಿದ್ದು ನಾನು ಎಂದು ಇಂಗ್ಲಿಷಿನಲ್ಲಿ ತಾನೇ ಹೇಳಿಬಿಟ್ಟಳು.

ಕೆಲಸದ ಮಾತು ನನ್ನ ಕೈಯಲ್ಲಿಲ್ಲ, ಬಿಷಪರ ಶಿಕ್ಷಣ ಕಚೇರಿಗೆ ಎಲ್ಲವನ್ನೂ ಬರೆಯುತ್ತೇನೆ, ಈ ಪತ್ರವನ್ನೂ ಜೊತೆಗಿಡುತ್ತೇನೆ ಎಂದರು ಸಿಸ್ಟರ್. ಆದರೆ ಬೈಬಲ್ ಪೀರಿಯಡ್ ಇಂದಿನಿಂದಲೇ ಬೇರೆಯವರಿಗೆ. ಅದೊಂದನ್ನು ಅವಳಿಗೇ ಬಿಡಿ, ಮಕ್ಕಳು ಅವಳಿಂದ ಎಷ್ಟು ಚೆನ್ನಾಗಿ ಕೇಳುತ್ತಾರೆ ನೋಡಿ ಎಂದು ನಾನು ಹಟ ಹಿಡಿದೆ. ಸಿಸ್ಟರ್ ಏಲಕ್ಕಿಯ ಪೊಟ್ಟಣವನ್ನು ನನ್ನ ಕಡೆ ಸರಿಸಿದರು. ತಂಗಿಯ ಕೆಲಸಕ್ಕಾಗಿ ಕೊಡುವುದಾದರೆ ಬೇಡ, ಅತಿಥಿಯಾಗಿ ಕೊಡುವುದಾದರೆ ಅಡುಗೆಮನೆಗೆ ಕೊಡಿ ಎಂದರು. ಎರಡನ್ನೂ ಅಡುಗೆಮನೆಗೆ ಕೊಟ್ಟುಬಂದೆ.

ಬುಧವಾರ ಹೊರಟೆ. ಬೆಳಿಗ್ಗೆ ಮೊದಲನೇ ಪೀರಿಯಡ್ ನಡೆಯುತ್ತಿದ್ದುದರಿಂದ ಸುಮಿಗೆ ಬಿಡುವಿತ್ತು, ಸ್ಟಾಪಿನವರೆಗೆ ಬಂದಳು. “ಕಳಿಸ್ಬುಟ್ರೆ ಬಂದ್ಬುಡ್ತೀನಿ, ನೀನು ಹೆದರ್ಕೋಬೇಡ” ಎಂದು ಅವಳೇ ನನಗೆ ಧೈರ್ಯ ಹೇಳಿದಳು. ವ್ಯಾನು ತಿರುಗುವವರೆಗೂ ಅವಳು ನಿಂತಲ್ಲೇ ಇದ್ದಳು.

ಊರಿಗೆ ಬಂದು ಏಳು ವಾರ ಅಂಗಡಿಯಲ್ಲಿ ಕೂತರೂ ಕಣ್ಣು ಅಂಚೆಯವನ ಸೈಕಲ್ಲಿನ ಮೇಲೆ. ಎರಡು ಸಲ ತಪ್ಪು ಅಳತೆ ಕುಯ್ದೆ. ಕೊನೆಗೆ ಪಕ್ಕದ ಎಸ್.ಟಿ.ಡಿ. ಬೂತಿಗೆ ಫೋನ್ ಬಂತು.

“ಕರಾರು ಒಂದು ವರ್ಷಕ್ಕೆ ಕೊಟ್ಟವ್ರೆ ಅಕ್ಕ. ಎರಡು ಕೊಡಲ್ಲವಂತೆ. ಕಥೆ ಪೀರಿಯಡ್ ವಾಪಸ್ ಕೊಡಲ್ಲ.”

“ಆ ಹೊತ್ನಾಗೆ ಏನ್ಮಾಡ್ತೀಯಾ?”

“ಪಕ್ಕದ ರೂಮಲ್ಲಿ ಕೂತು ಪುಸ್ತಕ ತಿದ್ತೀನಿ. ಮಕ್ಕಳು ಹಾಡೋದು ಕೇಳಿಸ್ತೈತೆ.”

“ನಿದ್ದೆ?”

“ಬರ್ತೈತೆ.”

ನೀವೂ ಆ ಕಡೆ ಹೋಗುವುದಾದರೆ ಕೇಳಿ. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿ. ಚೀಟಿ ಇಲ್ಲದೆ ವಾಪಸ್ ಬಂದರೆ ಬೊಂಬಾಯಿಯಲ್ಲೇ ಹಿಡಿದು ಕೂರಿಸುತ್ತಾರೆ. ಜುಲೈನಲ್ಲಿ ಸ್ವೆಟರ್ ಬೇಕೇಬೇಕು, ಆಫ್ರಿಕಾ ಎಂದರೆ ಸೆಕೆ ಎಂದುಕೊಳ್ಳಬೇಡಿ. ರಾಗಿ ಹಿಟ್ಟು ಹೊತ್ತೊಯ್ಯಬೇಡಿ, ಅಲ್ಲೇ ಸಿಗುತ್ತದೆ. ವ್ಯಾನಿನಲ್ಲಿ ಪಕ್ಕದವರು ಎಷ್ಟು ಕೊಡುತ್ತಾರೋ ಅಷ್ಟೇ ಕೊಡಿ. ಇನ್ನು ತಂಗಿಗೋ ಮಗಳಿಗೋ ದೂರದ ಕೆಲಸಕ್ಕೆ ಅರ್ಜಿ ತುಂಬಿಕೊಡುವುದಿದ್ದರೆ, ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದೊಂದು ಕಾಲಮನ್ನೂ ಓದಿ ಹೇಳಿ, ಅವಳು ಹೇಳಿದ್ದನ್ನೇ ಬರೆಯಿರಿ. ನಾನು ಅವತ್ತು ಸುಮಿಯನ್ನು ಕಾಫಿ ಮಾಡಲು ಒಳಗೆ ಕಳಿಸಿದ್ದೆ. ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಎಲ್ಲ ತುಂಬಿ, ಸಹಿ ಹಾಕುವ ಜಾಗಕ್ಕೆ ಗುರುತು ಮಾಡಿಟ್ಟಿದ್ದೆ.