ಟ್ರಾಮಿಗೆ ಮುತ್ತಿಟ್ಟ ಇನ್ಸಾಫ್

ಅಲೆಕ್ಸಾಂಡ್ರಿಯದ ಟ್ರಾಮಿನಲ್ಲಿ ಇನ್ಸಾಫಳನ್ನು ಅರಿಯದವರಿಲ್ಲ. ಉರಿಬಿಸಿಲಿನಲ್ಲೂ ಮೊಣಕೈವರೆಗೆ ಹೂವಿನ ಕೈಗವಸು ತೊಟ್ಟು ಹೆಂಗಸರ ಬೋಗಿಯ ಸರಳು ಹಿಡಿದು ನಿಲ್ಲುವವಳು ಅವಳೊಬ್ಬಳೇ. ಹಳೆಯ ಹಾಸಿಗೆ ಹೊದಿಕೆ ಕತ್ತರಿಸಿ ತಾನೇ ಹೊಲಿದದ್ದು. ಮನೆಗೆ ಬಂದೊಡನೆ ಕುದಿಯುವ ನೀರಿಗೆ ಹಾಕಿ ಬಾಲ್ಕನಿಯಲ್ಲಿ ಒಣಹಾಕುತ್ತಾಳೆ. ದಾರದಲ್ಲಿ ನೇತಾಡುವ ಅಷ್ಟೊಂದು ಕೈಗಳನ್ನು ಕಂಡು ಬೀದಿಯವರು ನಗುತ್ತಾರೆ. ನಗಲಿ, ಅವರಪ್ಪನ ಗಂಟೇನು ಹೋಗುತ್ತೆ? ಅವಳ ಗಂಡ ವಗ್ದಿಗೆ ಕಿಡ್ನಿ ಕಸಿಯಾಗಿದೆ. ಅದು ಒಗ್ಗಲೆಂದು ನುಂಗುವ ಮಾತ್ರೆಗಳು ರೋಗ ತಡೆಯುವ ಮೈಯ ಕಸುವನ್ನೇ ಹೀರಿವೆ. ಯಾರದೋ ನೆಗಡಿಯೂ ಅವನ ಜೀವಕ್ಕೆ ಕುತ್ತು.

ಅಂದು ಮೀನು ಮಾರುವ ದವ್ಲತ್ ಬುಟ್ಟಿ ಸಮೇತ ಪಕ್ಕಕ್ಕೆ ಬಂದು ನಿಂತಳು.

"ಏನಕ್ಕಾ, ಕಳ್ಳತನಕ್ಕೆ ಹೊರಟ್ಯಾ? ಬೆರಳಚ್ಚು ಸಿಗಬಾರ್ದು ಅಂತ?"

"ಹೂಂ ಕಣೇ, ನಿನ್ನ ಮೀನೇ ಕದಿಯೋಣ ಅಂತಿದ್ದೆ. ವಾಸನೆ ನೋಡಿ ಬೇಡ ಅಂದ್ಕೊಂಡೆ."

ಮಾತು ಹಗುರ, ಗಮನ ಮಾತ್ರ ಫೋನಿನ ಮೇಲೆ. ಹೊಸ ಕಿಡ್ನಿ ಒಗ್ಗಿದೆಯೋ ಇಲ್ಲವೋ ಎಂಬ ರಿಪೋರ್ಟು ಅಂದೇ ಬರಬೇಕಿತ್ತು. ಫೋನು ಬಡಿದುಕೊಂಡಿತು. ಕೈಗವಸಿನ ಬೆರಳಿಗೆ ಅದು ಬಗ್ಗದು. ದವ್ಲತಳೇ ಒತ್ತಿ ಅವಳ ಕಿವಿಗೆ ಹಿಡಿದಳು.

"ಅಮ್ಮಾ, ಎಲ್ಲಾ ಚೆನ್ನಾಗಿದೆ. ಕಿಡ್ನಿ ಒಗ್ಗಿದೆ," ಎಂದಳು ಲ್ಯಾಬಿನ ಹುಡುಗಿ.

ಶುಭ ಸುದ್ದಿ ಕೇಳಿದರೆ ಅಲ್ಲಿಯವರ ಕೈ ತಾನಾಗಿ ತುಟಿಗೇರುತ್ತದೆ. ದೇವರನ್ನು ನೆನೆದು ಅಂಗೈಗೊಂದು ಮುತ್ತು, ತಿರುಗಿಸಿ ಮುಂಗೈಗೊಂದು. ಇನ್ಸಾಫಳೂ ಕಣ್ಣು ಮುಚ್ಚಿ ಎರಡನ್ನೂ ಇಟ್ಟಳು. ನಾಲಿಗೆಗೆ ಸರಳಿನ ತುಕ್ಕಿನ ರುಚಿ ಹತ್ತಿದಾಗಲೇ ಕೈಗವಸಿನ ನೆನಪಾದದ್ದು.

"ಇಡೀ ಟ್ರಾಮನ್ನೇ ಮುದ್ದಾಡ್‌ಬಿಟ್ಯಲ್ಲಕ್ಕಾ," ಎಂದಳು ದವ್ಲತ್. ಬೋಗಿಯೆಲ್ಲ ನಕ್ಕಿತು. ಇನ್ಸಾಫಳಿಗೂ ನಗು ತಡೆಯಲಾಗಲಿಲ್ಲ.

ಮನೆಯ ಬಾಗಿಲಲ್ಲಿ ವಗ್ದಿ ಕಾಯುತ್ತಿದ್ದ. ಅವಳು ಮೆಟ್ಟಿಲಿನ ಕೆಳಗೇ ನಿಂತಳು.

"ಅಲ್ಲೇ ಇರು. ಹತ್ರ ಬರ್ಬೇಡ."

ಅವನ ಮುಖ ಬಿಳಿಚಿತು. "ರಿಪೋರ್ಟ್ ಚೆನ್ನಾಗಿಲ್ವಾ?"

"ಚೆನ್ನಾಗಿದೆ ಕಣೋ. ಅದಕ್ಕೇ ಹೀಗಾಗಿದ್ದು," ಎಂದು ನಡೆದದ್ದನ್ನೆಲ್ಲ ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ವಗ್ದಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ, ನಕ್ಕು ನಕ್ಕು ಹೊಸ್ತಿಲ ಮೇಲೆ ಕುಸಿದು ಕೂತ. ಅವಳು ಕೆಳಗಿನ ಮೆಟ್ಟಿಲಲ್ಲಿ ಕೂತಳು.

"ಮತ್ತೆ, ಅಪ್ಪಿಕೊಳ್ಳೋದು ಯಾವಾಗ?"

ಇನ್ಸಾಫ್ ಕಣ್ಣೊರೆಸಲು ಕೈಯೆತ್ತಿದಳು, ನೆನಪಾಗಿ ಇಳಿಸಿದಳು. ಕಣ್ಣೀರು ಹರಿಯಲು ಬಿಟ್ಟಳು.

"ನಂಗೆ ನೆಗಡಿ ಗಿಗಡಿ ಬರದೆ ಒಂದು ವಾರ ಹೋಗ್ಲಿ. ಈಗ ಅವಸರ ಏನಿದೆ?"