ಸ್ಪ್ಯಾನಿಷ್ ಬಾರದ ಬರೇರಾ ಸಾಹೇಬರು

ಸಾಲಿನಾಸಿನ ನಮ್ಮ ಹೈಸ್ಕೂಲಿನಲ್ಲಿ ಯಾವ ಮಕ್ಕಳು ಯಾವ ತರಗತಿಗೆ ಹೋಗಬೇಕೆಂದು ಹೇಳಲು ಒಬ್ಬ ಸಾಹೇಬರಿದ್ದರು, ಫ್ರೆಡ್ ಬರೇರಾ. ಹೆತ್ತವರು ಇಟ್ಟ ಹೆಸರು ಫಿದೆನ್ಸಿಯೊ. ಟೈ ಕಟ್ಟಿದ ದಿನವೇ ಆ ಹೆಸರನ್ನೂ ಮರೆತರು, ಸ್ಪ್ಯಾನಿಷ್ ಭಾಷೆಯನ್ನೂ ಮರೆತರು. ಹನ್ನೊಂದು ವರ್ಷ ಅವರ ಕೋಣೆಯ ಹೊರಗೆ ಕೂತು ಹಾಜರಿ ಬರೆದವಳು ನಾನು. ಅಂಥ ಮರೆವಿನ ರೋಗ ಇನ್ನೊಬ್ಬರಿಗೆ ಬಂದದ್ದು ಕಾಣೆ.

ಅವರ ಹತ್ತಿರ ಒಂದು ಹಾಳೆಯಿತ್ತು. ಬಿಳಿಯರ ಮಕ್ಕಳು ನೂರಕ್ಕೆ ಎಷ್ಟು ಜನ ಕಾಲೇಜು ಮುಗಿಸಿದರು, ಏಷ್ಯಾದವರು ಎಷ್ಟು, ಸ್ಪ್ಯಾನಿಷ್ ಆಡುವ ನಮ್ಮವರು ಎಷ್ಟು ಎಂಬ ಲೆಕ್ಕ. ಎಲ್ಲರಿಗಿಂತ ಕೆಳಗೆ ನಾವು. ನಮ್ಮ ಮಕ್ಕಳು ಬಂದರೆ ಸಾಕು, ಆ ಹಾಳೆ ಮುಂದೆ ತಳ್ಳಿ ಅಡುಗೆ ತರಗತಿಗೋ ವೆಲ್ಡಿಂಗಿಗೋ ಅಟ್ಟುತ್ತಿದ್ದರು. ಹೀಗೆ ಅಟ್ಟಿ ಅಟ್ಟಿಯೇ ನಾವು ಕೆಳಗಿದ್ದೇವೆಂದು ಆ ಮಹಾನುಭಾವರ ತಲೆಗೆ ಹೊಳೆಯಲೇ ಇಲ್ಲ.

ಎಲ್ವೀರಾ ಎಂಬ ಹುಡುಗಿ ಮೇಲಿನ ಗಣಿತದ ತರಗತಿಯಲ್ಲಿದ್ದಳು. ಕಾಲೇಜಿಗೆ ಅವಳಿಗಿದ್ದದ್ದು ಅದೊಂದೇ ದಾರಿ. ಅವಳನ್ನು ಅಲ್ಲಿಂದ ತೆಗೆಯಲು ಬರೇರಾ ಸಾಹೇಬರಿಗೆ ತಾಯಿಯ ಸಹಿ ಬೇಕಿತ್ತು. ತಾಯಿ ಎರ್ಲಿಂದಾ ಆ ದಿನದ ಲೆಟಿಸ್ ಸೊಪ್ಪು ಕೊಯ್ಯುವ ಕೆಲಸ ಬಿಟ್ಟು, ಸಾಹೇಬರಿಗೆಂದು ಮೆಕ್ಕೆಜೋಳದ ಕಡುಬು ತಮಾಲೆ ಬೇಯಿಸಿ ಕಟ್ಟಿಕೊಂಡು ಬಂದಳು. ಮೇಷ್ಟರಿಗೆ ಎದುರಾಡುವುದು ನಮ್ಮಲ್ಲಿ ಪಾಪ. ಬರೇರಾ ನೆಚ್ಚಿಕೊಂಡದ್ದೂ ಅದನ್ನೇ.

ನಿಮ್ಮವರಿಗೆ ಗಣಿತ ಹತ್ತುವುದಿಲ್ಲ, ಹುಡುಗಿ ಫೇಲಾಗುತ್ತಾಳೆ, ಅಡುಗೆ ಕಲಿಯಲಿ ಎಂದು ಅವರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ತನ್ನ ಅವಮಾನವನ್ನು ತಾನೇ ಸ್ಪ್ಯಾನಿಷಿನಲ್ಲಿ ಅಮ್ಮನಿಗೆ ಒಪ್ಪಿಸುವ ಕರ್ಮ ಎಲ್ವೀರಾಳದು. ತೆರೆದ ಬಾಗಿಲಿನಿಂದ ನನಗೆ ಎಲ್ಲ ಕೇಳಿಸುತ್ತಿತ್ತು.

ಎರ್ಲಿಂದಾ ಪೆನ್ನು ಎತ್ತಿಕೊಂಡವಳು ಸಾಹೇಬರ ಮುಖವನ್ನು ಸ್ವಲ್ಪ ಹೊತ್ತು ನೋಡಿ ಕೆಳಗಿಟ್ಟಳು.

“ನೀನು ನಮ್ಮ ಚೋಲೆಯ ಮಗ ಅಲ್ವೇನೋ? ನಿಮ್ಮಮ್ಮ ನಾನು ಒಂದೇ ಸಾಲಲ್ಲಿ ಹದಿನಾಲ್ಕು ವರ್ಷ ಲೆಟಿಸ್ ಕೊಯ್ದಿದೀವಿ. ನೀನು ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದಾಗ, ಇನ್ನೊಂದು ಸಲ ಕೂರಿಸ್ಕೊಳ್ಳಿ ಅಂತ ಮೇಷ್ಟ್ರ ಮುಂದೆ ಗೋಗರೆದ್ಲು. ಭಾನುವಾರ ಚರ್ಚಲ್ಲಿ ಸಿಗ್ತಾಳಲ್ಲ, ಅವಳನ್ನೇ ಕೇಳ್ತೀನಿ, ಈ ಕಾಗದಕ್ಕೆ ಸಹಿ ಹಾಕ್ಲಾ ಅಂತ.”

ಎಲ್ವೀರಾ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದಳು. ನೀನು ಸುಮ್ಮನಿರು ಎಂದು ತಾಯಿ ತಡೆದಳು.

ಸಾಹೇಬರು ಏನೂ ಅರ್ಥವಾಗದವರಂತೆ ಹುಡುಗಿಯತ್ತ ನೋಡಿದರು, ಬಾಗಿಲಾಚೆ ಕೂತಿದ್ದ ನನ್ನನ್ನೂ ನೋಡಿದರು. ನಾನು ಹಾಜರಿ ಪುಸ್ತಕದ ಮೇಲೆ ತಲೆ ಬಗ್ಗಿಸಿದೆ. ಕೊನೆಗೆ ಆ ಕಾಗದವನ್ನು ತಾವೇ ಹರಿದು, ನಮ್ಮ ಕೇರಿಯ ಅಪ್ಪಟ ಸ್ಪ್ಯಾನಿಷಿನಲ್ಲಿ ತೀರಾ ಮೆಲ್ಲಗೆ ಹೇಳಿದರು:

“ಅಮ್ಮಂಗೆ ಹೇಳ್ಬೇಡಿ ಅತ್ತೆ.”